ಚಿಲ್ಲರ್ ಪ್ಯಾನಲ್‌ನಲ್ಲಿ ಉಳಿದ ತಂತಿ ಯಾರ ಕೈಯದು ಎಂಬ ಬಗ್ಗೆ

ಮನೆಯಲ್ಲೂ ಕೆಲಸದ ಕಡೆಯೂ ಎಡಚ ಎಂದು ಕರೆಯಲ್ಪಡುವ ನಾನು, ವಯಸ್ಸು 51 ವರ್ಷ, ಕಸುಬು ಕಾರ್ಖಾನೆಗಳಲ್ಲಿ ನೀರು ತಂಪು ಮಾಡುವ ಚಿಲ್ಲರ್ ಯಂತ್ರಗಳ ರಿಪೇರಿ, ವಾಸ ನೀರಿನ ಟ್ಯಾಂಕಿನ ಹಿಂದಿನ ಸಾಲಿನ ಐದನೇ ಮನೆ. ಆರನೇ ಮನೆ ನನ್ನ ಅಕ್ಕ ಮತ್ತು ಭಾವನದು, ನಡುವೆ ಒಂದೇ ಗೋಡೆ. ಈ ದಿನ ಬುಧವಾರ ಬೆಳಿಗ್ಗೆ 9-10 ಗಂಟೆಗೆ ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಬರೆಸುತ್ತಿರುವುದೇನೆಂದರೆ,

ನಿನ್ನೆ ಮಧ್ಯಾಹ್ನ ನನ್ನ ಭಾವ, ವಯಸ್ಸು 59, ಇದೇ ಠಾಣೆಗೆ ಬಂದು, ಬ್ರೆಡ್ ಕಾರ್ಖಾನೆಯ ಚಿಲ್ಲರ್ ಪ್ಯಾನಲ್‌ನಲ್ಲಿ ತಂತಿ ಹಾಕಿ ಮರೆತವರು ತಾವೇ ಎಂದು ಹೇಳಿಕೆ ಕೊಟ್ಟಿರುತ್ತಾರೆ. ಅದು ಶುದ್ಧ ಸುಳ್ಳು. ಭಾವನೂ ನಾನೂ ಒಂದೇ ಸಂಸ್ಥೆಯಲ್ಲಿ ಕೆಲಸ ಮಾಡುತ್ತೇವೆ. ಅವರ ನಿವೃತ್ತಿಗೆ ನಾಲ್ಕು ತಿಂಗಳಿದೆ. ಆ ಹೇಳಿಕೆ ನಿಂತರೆ ಅವರ ಲೈಸೆನ್ಸ್ ರದ್ದಾಗುತ್ತದೆ, ಮೂವತ್ತೆಂಟು ವರ್ಷ ದುಡಿದು ಗಳಿಸಿದ ಹೆಸರಿಗೆ ಮಸಿ ಬೀಳುತ್ತದೆ. ಹಾಗಾಗಿ ನಡೆದದ್ದನ್ನು ನಡೆದ ಹಾಗೆ ಬರೆಸುತ್ತಿದ್ದೇನೆ.

ಸೋಮವಾರ ಬೆಳಿಗ್ಗೆ 9-20ಕ್ಕೆ ಇಬ್ಬರೂ ಕಾರ್ಖಾನೆಗೆ ಹೋದೆವು. ಅಲ್ಲಿ ಹಿಟ್ಟು ಕಲಸಲು ತಣ್ಣನೆಯ ನೀರು ಬೇಕು, ಇಲ್ಲದಿದ್ದರೆ ಹಿಟ್ಟು ಹೊತ್ತಿಗೆ ಮೊದಲೇ ಉಬ್ಬಿ ಕೆಡುತ್ತದೆ. ಚಿಲ್ಲರ್ ಇರುವುದು ಕಲಸುವ ಕೋಣೆಯಿಂದ 40 ಅಡಿ ದೂರದ ಶೆಡ್ಡಿನಲ್ಲಿ. ಚಾಲೂ ಮಾಡಿದ ಹತ್ತು ಹನ್ನೊಂದು ನಿಮಿಷಕ್ಕೆ ಅದು ನಿಂತುಬಿಡುತ್ತಿತ್ತು. ನೀರಿನ ಹರಿವು ಕಡಿಮೆ ಎಂದು ಪ್ಯಾನಲ್ ತೋರಿಸುತ್ತಿತ್ತು. ಮ್ಯಾನೇಜರ್ ಯಂತ್ರವೇ ಹೋಯಿತೆಂದು ಹಾರಾಡುತ್ತಿದ್ದರು. ಭಾವ ಅವರಿಗೆ, ನೀವು ಮೊದಲು ಕೂತು ಸ್ವಲ್ಪ ನೀರು ಕುಡಿಯಿರಿ, ಯಂತ್ರಕ್ಕಿಂತ ನಿಮಗೇ ಜ್ವರ ಜಾಸ್ತಿ ಇದೆ ಎಂದು ಹೇಳಿದರು.

ಭಾವ ಯಾವತ್ತೂ ಮೊದಲು ಪ್ಯಾನಲ್ ಮುಟ್ಟುವವರಲ್ಲ. ನೀರು ಒಳಹೋಗುವ ಪೈಪಿನ ಮೇಲೆ ಒಂದು ಅಂಗೈ, ಹೊರಬರುವ ಪೈಪಿನ ಮೇಲೆ ಇನ್ನೊಂದು ಅಂಗೈ ಇಟ್ಟು ನಾಲ್ಕು ನಿಮಿಷ ಕಣ್ಣು ಮುಚ್ಚಿ ನಿಂತರು. ಈ ಹೇಳಿಕೆ ಬರೆದುಕೊಳ್ಳುತ್ತಿರುವ ಠಾಣೆಯ ಬರಹಗಾರರು ಇದನ್ನು ಬರೆಯುವ ಅಗತ್ಯವಿಲ್ಲ ಎಂದರು. ಅಗತ್ಯವಿದೆ ಎಂದು ನಾನು ಹಟ ಹಿಡಿದು ಬರೆಸಿದ್ದೇನೆ, ಏಕೆಂದರೆ ಅಂಥ ಕೈ ಇರುವ ಮನುಷ್ಯ ತಂತಿ ಮರೆಯುವುದಿಲ್ಲ. ಕಣ್ಣು ಬಿಟ್ಟು ಭಾವ, ನೀರು ಚೆನ್ನಾಗಿಯೇ ಹರಿಯುತ್ತಿದೆ, ಸುಳ್ಳು ಹೇಳುತ್ತಿರುವವರು ಬೇರೆ ಯಾರೋ ಇದ್ದಾರೆ ಎಂದರು. ಆದರೂ ಪಂಪು ನೋಡಿದೆವು, ಸರಿಯಿತ್ತು. ಪೈಪಿನ ಜಾಲರಿ ಬಿಚ್ಚಿ, ಒಂದು ಹಿಡಿ ತುಕ್ಕು ತೆಗೆದು, ತೊಳೆದು 11-30ಕ್ಕೆ ವಾಪಸು ಹಾಕಿದೆವು. ಯಂತ್ರ ಮತ್ತೆ ನಿಂತಿತು.

ಇನ್ನು ಉಳಿದದ್ದು ಪೈಪಿನ ಹರಿವಿನ ಸ್ವಿಚ್. ಅದರೊಳಗೆ ಒಂದು ಸಣ್ಣ ರೆಕ್ಕೆ ಇದೆ. ನೀರು ತಳ್ಳುತ್ತಿರುವವರೆಗೆ ಯಂತ್ರ ಓಡುತ್ತದೆ, ನೀರು ನಿಂತರೆ ರೆಕ್ಕೆ ಬಿದ್ದು ಯಂತ್ರವೂ ನಿಲ್ಲುತ್ತದೆ. ಆ ಸ್ವಿಚ್ ನಿಜ ಹೇಳುತ್ತಿದೆಯೋ ಸುಳ್ಳೋ ಎಂದು ತಿಳಿಯಲು ಅದನ್ನು ದಾಟಿಸಿ ಪ್ಯಾನಲ್‌ನಲ್ಲಿ ಒಂದು ಗೇಣುದ್ದದ ತಂತಿ ಹಾಕಬೇಕು, ಆಗ ಸ್ವಿಚ್ ಏನೇ ಹೇಳಿದರೂ ಯಂತ್ರ ಓಡುತ್ತದೆ. ಹಾಕಿದವನು ಕಾವಲು ನಿಲ್ಲಬೇಕು, ಪರೀಕ್ಷೆ ಮುಗಿದ ಮೇಲೆ ತೆಗೆಯಬೇಕು. ಇದಕ್ಕೆ ನಮ್ಮಿಬ್ಬರ ನಡುವೆ ಭಾವ ಮಾಡಿದ ಒಂದು ನಿಯಮವಿದೆ. ನಮ್ಮ ಸಲಕರಣೆ ಪೆಟ್ಟಿಗೆಯಲ್ಲಿ ಆ ತಂತಿಗೆ ಒಂದು ಕೆಂಪು ರಿಬ್ಬನ್ ಸುತ್ತಿಟ್ಟಿರುತ್ತೇವೆ. ತಂತಿ ಪ್ಯಾನಲ್‌ಗೆ ಹೋದ ಕೂಡಲೇ ರಿಬ್ಬನ್ ಹಾಕಿದವನ ಮಣಿಕಟ್ಟಿಗೆ ಹೋಗಬೇಕು. ತಂತಿ ಹೊರಬರುವವರೆಗೆ ಅದನ್ನು ಬಿಚ್ಚುವಂತಿಲ್ಲ, ಯಾರು ಕೇಳಿದರೂ.

ಮಧ್ಯಾಹ್ನ 12-10ಕ್ಕೆ ತಂತಿ ಹಾಕಿದವನು ನಾನು. ರಿಬ್ಬನ್ ಕಟ್ಟಿಕೊಂಡದ್ದು ನನ್ನ ಎಡಗೈಗೆ. ಯಂತ್ರ 45 ನಿಮಿಷ ನಿಲ್ಲದೆ ಓಡಿತು. ಸುಳ್ಳುಗಾರ ಸಿಕ್ಕಿದ ಹಾಗಾಯಿತು. ಹೊಸ ಸ್ವಿಚ್ ತರಲು ಮ್ಯಾನೇಜರ್ ಜನ ಕಳಿಸಿದರು. ನಾನು ಯಂತ್ರ ಆರಿಸಿದೆ, ತಂತಿಯನ್ನು ಹೊಸ ಸ್ವಿಚ್ ಬಂದ ಮೇಲೆ ತೆಗೆದರಾಯಿತೆಂದು ಒಳಗೇ ಬಿಟ್ಟೆ.

1-05ಕ್ಕೆ ಅಕ್ಕ ಊಟ ತಂದಳು. ಜೊತೆಯಲ್ಲಿ ನನ್ನ ಮಗಳ ಮಗಳು, ವಯಸ್ಸು 4 ವರ್ಷ 2 ತಿಂಗಳು. ನನ್ನ ಮಗಳು ಕೆಲಸಕ್ಕೆ ಹೋದಾಗ ಮಗು ಅಕ್ಕನ ಬಳಿಯೇ ಇರುತ್ತದೆ. ನಾವು ಶೆಡ್ಡಿನ ಹೊರಗಿನ ಕಟ್ಟೆಯ ಮೇಲೆ ಕೂತೆವು. ಭಾವ 30 ಅಡಿ ದೂರದ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದರು. ಅಕ್ಕ ಡಬ್ಬಿ ಬಿಚ್ಚುತ್ತಿದ್ದಳು. ಮಗು ನನ್ನ ಮಣಿಕಟ್ಟು ಹಿಡಿದುಕೊಂಡು, "ತಾತಾ, ಇದು ನಿಂಗ್ಯಾಕೆ? ನಿಂಗೆ ಜಡೆನೇ ಇಲ್ವಲ್ಲ" ಎಂದಿತು.

ನಾನು ಬಿಚ್ಚಿ ಅದರ ಜಡೆಗೆ ಕಟ್ಟಿದೆ. ಊಟವಾದ ಮೇಲೆ ಬಿಚ್ಚಿಕೊಂಡರಾಯಿತು ಎಂದುಕೊಂಡೆ. ಮಗು ಶೆಡ್ಡಿನ ಸುತ್ತ ಮೂರು ಸುತ್ತು ಓಡಿ ಬಂದು ಬೆನ್ನು ತಿರುಗಿಸಿ ತಿರುಗಿಸಿ ತೋರಿಸಿತು. ಭಾವ ಅದನ್ನು ಮಗು ಮನೆಯಿಂದಲೇ ಕಟ್ಟಿಕೊಂಡು ಬಂದದ್ದು ಎಂದುಕೊಂಡಿರಬೇಕು. ನನಗೆ ಲೋಕವೇ ಮರೆತುಹೋಯಿತು. 1-40ಕ್ಕೆ ಅಕ್ಕ ಮಗುವನ್ನು ಕರೆದುಕೊಂಡು ಹೊರಟಳು. ಕೈ ಬೀಸಿದೆ, ರಿಬ್ಬನ್ ಕೇಳಲಿಲ್ಲ.

2-20ಕ್ಕೆ ಹೊಸ ಸ್ವಿಚ್ ಬಂತು, 2-50ಕ್ಕೆ ಕೂರಿಸಿದೆವು. ಯಂತ್ರ ಚೆನ್ನಾಗಿ ಓಡಿತು. ತಂತಿ ಒಳಗೇ ಇದ್ದುದರಿಂದ ಸ್ವಿಚ್ ಇದ್ದರೂ ಇಲ್ಲದಿದ್ದರೂ ಅದು ಓಡಿಯೇ ಓಡುತ್ತಿತ್ತು. 3-30ಕ್ಕೆ ಕೆಲಸದ ಚೀಟಿಗೆ ಸಹಿ ಹಾಕುವ ಮೊದಲು ಭಾವ ಎಂದಿನಂತೆ, "ಎಲ್ಲಿ, ಕೈ ತೋರ್ಸೋ ಎಡಚ" ಎಂದರು. ನಾನು ಖಾಲಿ ಕೈ ಎತ್ತಿ ತೋರಿಸಿದೆ. ರಿಬ್ಬನ್ ಇಲ್ಲವೆಂದರೆ ತಂತಿ ಇಲ್ಲ. ಇಷ್ಟು ವರ್ಷ ಆ ಲೆಕ್ಕ ಒಮ್ಮೆಯೂ ತಪ್ಪಿರಲಿಲ್ಲ. ನನ್ನ ಮನಸ್ಸಿಗೂ ಹಾಗೆಯೇ ತೋರಿತು. ಭಾವ ನನ್ನ ಕೈ ನಂಬಿ ಸಹಿ ಹಾಕಿದರು. ಅವರು ಮಾಡಿದ ತಪ್ಪು ಏನಾದರೂ ಇದ್ದರೆ ಅದೊಂದೇ.

ಮಂಗಳವಾರ ಬೆಳಿಗ್ಗೆ 5-40ಕ್ಕೆ ಪಂಪಿನ ಕರೆಂಟು ಹೋಗಿ ನೀರು ನಿಂತಿತು. ಹೊಸ ಸ್ವಿಚ್‌ನ ರೆಕ್ಕೆ ಬಿದ್ದಿರಬೇಕು, ಆದರೆ ತಂತಿ ಇದ್ದುದರಿಂದ ಯಂತ್ರ ನಿಲ್ಲಲಿಲ್ಲ. ನಿಂತ ನೀರು ಒಳಗೇ ಹೆಪ್ಪುಗಟ್ಟಿ 6-15ರ ಸುಮಾರಿಗೆ ಕೊಳವೆಗಳು ಸೀಳಿದವು. ಯಾರಿಗೂ ಪೆಟ್ಟಾಗಿಲ್ಲ. ನೀರು ಹೆಪ್ಪುಗಟ್ಟುವ ಮೊದಲೇ ಯಂತ್ರ ನಿಲ್ಲಿಸಲೆಂದು ಇರುವ ಇನ್ನೊಂದು ಸ್ವಿಚ್ ಕೆಟ್ಟಿದೆ, ಬದಲಿಸಿ ಎಂದು ಭಾವ ಹಿಂದೆ ಎರಡು ಚೀಟಿಗಳಲ್ಲಿ ಬರೆದುಕೊಟ್ಟಿದ್ದರು. ನನ್ನ ತಪ್ಪು ಮುಚ್ಚಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಆ ಚೀಟಿಗಳನ್ನು ಮ್ಯಾನೇಜರ್ ಬಳಿ ಕೇಳಿ ತರಿಸಬೇಕು ಎಂದು ಹೇಳುತ್ತಿದ್ದೇನೆ. ಪ್ಯಾನಲ್‌ನಲ್ಲಿ ತಂತಿ ಕಂಡ ಮ್ಯಾನೇಜರ್, ಬೇಕೆಂದೇ ಹಾಳು ಮಾಡಿದ್ದಾರೆ ಎಂದು, ಚೀಟಿಯಲ್ಲಿ ಸಹಿ ಇದ್ದ ಭಾವನ ಮೇಲೆ ದೂರು ಕೊಟ್ಟರು.

ಆ ಹೊತ್ತಿಗೆ ನಾನು ಬೇರೆ ಕಡೆ ಕೆಲಸದಲ್ಲಿದ್ದೆ. ಮುಂದಿನದು ಅಕ್ಕ ಹೇಳಿದ್ದು. 11-15ಕ್ಕೆ ಭಾವನಿಗೆ ಸಂಸ್ಥೆಯಿಂದ ಫೋನ್ ಬಂತು. ತಂತಿ ಎಂಬ ಮಾತು ಕೇಳಿ ಅವರು ಕುರ್ಚಿಯಲ್ಲಿ ಹಾಗೇ ಕೂತರು. ಆಗ ಮಗು ಒಳಗೆ ಓಡಿ ಬಂತು. ಯಾರಿಗೂ ಮುಟ್ಟಲು ಬಿಡದೆ ರಾತ್ರಿ ಮಲಗಿದಾಗಲೂ ಹಾಕಿಕೊಂಡಿದ್ದ ರಿಬ್ಬನ್ ಸಡಿಲವಾಗಿ ಜೋತಾಡುತ್ತಿತ್ತು. ಭಾವ ಅದನ್ನು ತುಂಬ ಹೊತ್ತು ನೋಡಿದರು. ಮಗುವನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು ರಿಬ್ಬನ್ ಬಿಚ್ಚಿ, ಎರಡೂ ಕಡೆ ಸಮನಾಗಿ ಬರುವ ಹಾಗೆ ಮತ್ತೆ ಕಟ್ಟಿದರು. ಆಮೇಲೆ ಅಂಗಿ ಹಾಕಿಕೊಂಡು, ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದು ಅಕ್ಕನಿಗೆ ಹೇಳಿ ಸ್ಕೂಟರಿನಲ್ಲಿ ಈ ಠಾಣೆಗೆ ಬಂದರು. ನಾನು ಸಂಜೆ ಮನೆಗೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಅವರು ಬಾಯಿ ಬಿಡ್ತಿಲ್ಲ ಕಣೋ. ನೀನೇ ಹೇಳು, ಏನ್ಮಾಡ್ದೆ?" ಎಂದು ಕೇಳಿದಳು. ರಿಬ್ಬನ್ ಬಿಚ್ಚಿದ್ದನ್ನು ಅಲ್ಲೇ ನಿಂತು ಹೇಳಿದೆ.

ನನ್ನ ಮಾತಿಗೆ ಸಾಕ್ಷಿ ನೀವು ವಶಪಡಿಸಿಕೊಂಡ ತಂತಿಯೇ. ಅದರ ತುದಿಯ ಎಳೆಗಳನ್ನು ಸ್ಕ್ರೂ ಕೆಳಗೆ ಹಾಕುವ ಮೊದಲು ಹೊಸೆಯಬೇಕು. ಭಾವ ಬಲಗೈಯವರು, ಬಲಕ್ಕೆ ಹೊಸೆಯುತ್ತಾರೆ. ನಾನು ಎಡಕ್ಕೆ. ಎಡಕ್ಕೆ ಹೊಸೆದರೆ ಸ್ಕ್ರೂ ಬಿಗಿಯುವಾಗ ಎಳೆ ಬಿಚ್ಚಿಕೊಳ್ಳುತ್ತದೆ ಎಂದು ಭಾವ ನನಗೆ ಮೂವತ್ತೆರಡು ವರ್ಷದಿಂದ ಬೈಯುತ್ತಿದ್ದಾರೆ. ನಾನು ಕಲಿಯಲಿಲ್ಲ. ಕಲಿಯದ್ದು ಈಗ ಕೆಲಸಕ್ಕೆ ಬಂತು. 10-05ಕ್ಕೆ ಠಾಣೆಯ ಸಾಹೇಬರು ಕವರಿನಿಂದ ತಂತಿ ತೆಗೆಸಿ ಕಿಟಕಿಯ ಬೆಳಕಿನಲ್ಲಿ ನೋಡಿದರು. ಎರಡೂ ತುದಿ ಎಡಕ್ಕೆ ಹೊಸೆದಿರುತ್ತದೆ.

ಭಾವ ಸುಳ್ಳು ಏಕೆ ಹೇಳಿದರು ಎಂದು ಸಾಹೇಬರು ಕೇಳಿದರು. ಭಾವನಿಗೆ ಅದು ಹೊಸದಲ್ಲ. ನನ್ನ ಹತ್ತೊಂಬತ್ತನೇ ವಯಸ್ಸಿನಲ್ಲಿ, ಒಂದು ತಂಪು ಪಾನೀಯದ ಕಾರ್ಖಾನೆಯಲ್ಲಿ, ನಾನು ಹೀಗೆಯೇ ತಂತಿ ಮರೆತು ಕಂಪ್ರೆಸರ್ ಸುಟ್ಟೆ. ಭಾವ ಮುಂದೆ ಹೋಗಿ, ಮರೆತವರು ತಾವೇ ಎಂದರು. ಅವರನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸಿದರು. ಹನ್ನೊಂದು ತಿಂಗಳು ಅವರಿಗೆ ಸರಿಯಾದ ಕೆಲಸವಿರಲಿಲ್ಲ. ಮತ್ತೆ ಇಬ್ಬರೂ ಒಟ್ಟಿಗೆ ಒಂದು ಕಡೆ ಕೆಲಸಕ್ಕೆ ಸೇರಿದ ದಿನ ಅಕ್ಕನ ಪೆಟ್ಟಿಗೆಯಿಂದ ಒಂದು ಕೆಂಪು ರಿಬ್ಬನ್ ಕತ್ತರಿಸಿ ತಂದು ನನ್ನ ಕೈಗೆ ಕಟ್ಟಿದರು. ಬೈಯಲಿಲ್ಲ. ನಾನು ಅಂದು ಬಾಯಿ ಮುಚ್ಚಿಕೊಂಡಿದ್ದೆ, ಅಕ್ಕನಿಗೂ ಹೇಳಲಿಲ್ಲ. ನಿನ್ನೆ ಸಂಜೆ ಹೇಳಿದೆ. ಅವಳು ತನಗೆ ಅದು ಅಂದೇ ಗೊತ್ತಿತ್ತು ಎಂದಳು.

ಭಾವ ಈಗ ಹೊರಗಿನ ಬೆಂಚಿನ ಮೇಲೆ ಕೂತಿದ್ದಾರೆ. ಒಳಗೆ ಕರೆದರೆ ನಾನು ಹೇಳಿದ್ದೇ ಸುಳ್ಳು ಎನ್ನುತ್ತಾರೆ, ಎಡಚನಿಗೆ ತಲೆ ಕೆಟ್ಟಿದೆ ಎನ್ನುತ್ತಾರೆ. ದಯವಿಟ್ಟು ನಂಬಬಾರದು.

ಬರಹಗಾರರು ಇಷ್ಟನ್ನೂ ನನಗೆ ಎರಡು ಸಲ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ಕೂಡಿಸಿದ್ದಿಲ್ಲ, ಕಳೆದದ್ದಿಲ್ಲ, ಯಾರ ಒತ್ತಾಯವೂ ಇಲ್ಲ. ರಿಬ್ಬನ್ನನ್ನು ಸಾಕ್ಷಿಗೆ ಒಪ್ಪಿಸಬೇಕೆಂದು ಸಾಹೇಬರು ಹೇಳಿದರು. ಮಗುವನ್ನು ಕಾಡಿ ಬೇಡಿ ತಂದು ಈ ದಿನ ಬೆಳಿಗ್ಗೆ ಅದನ್ನು ಎಡಗೈಗೆ ಕಟ್ಟಿಕೊಂಡೇ ಬಂದಿದ್ದೇನೆ. ಒಳಗೆ ಉಳಿದದ್ದನ್ನು ಹೊರಗೆ ತೆಗೆಯುವವರೆಗೆ ಬಿಚ್ಚುವಂತಿಲ್ಲ ಎಂಬುದು ನಮ್ಮ ನಿಯಮ. ಒಮ್ಮೆ ಮುರಿದಿದ್ದೇನೆ. ಕಡತದಿಂದ ಭಾವನ ಹೇಳಿಕೆ ತೆಗೆದ ಕೂಡಲೇ ಬಿಚ್ಚಿಕೊಡುತ್ತೇನೆ.

ಸ್ಥಳ: ಠಾಣೆಯ ಬರಹಗಾರರ ಕೋಣೆ
ದಿನಾಂಕ: 14, ಬುಧವಾರ, ಬೆಳಿಗ್ಗೆ 11-25
ಸಹಿ: (ಎಡಗೈಯಲ್ಲಿ, ರಿಬ್ಬನ್ ಸಹಿತ)