ಮೂವತ್ತಡಿಗೆ ಎರಡಿಂಚು ಕಮ್ಮಿ

ಎಲ್ಲರನ್ನೂ ಕಾಯುವ ತಂದೆಯೇ, ಈ ಕೈ ನಿನ್ನದು, ಸೂಜಿ ಹೋಗುವ ದಾರಿಯೂ ನಿನ್ನದು, ನಿನಗೆ ಶರಣು... ಏನಿಲ್ಲ ಟೀಚರಮ್ಮ, ಬಟ್ಟೆ ಮುಟ್ಟುವ ಮುಂಚೆ ಅವನನ್ನು ಒಂದು ಸಲ ನೆನೆಯದಿದ್ದರೆ ನನಗೆ ಕೈಯೇ ಓಡೋಲ್ಲ. ಹಾಂ, ಏನೋ ಕೇಳಿದ್ರಿ. ಬೀದಿಯ ಅಳತೆ ತಾನೆ? ಹೊಸಿಲು ದಾಟುತ್ತಲೇ ಅದೇ ಪ್ರಶ್ನೆಯಾ! ಸರಿ ಇದೆ ಅಂದೆನಲ್ಲ. ಮೂವತ್ತಡಿಗೆ ಎರಡಿಂಚು ಕಮ್ಮಿ. ತೋಳು ಎತ್ತಿ. ಇನ್ನೂ ಸ್ವಲ್ಪ. ಮಿಸುಕಬೇಡಿ ಮಾತ್ರ, ಕೋಟಿನ ತುಂಬ ಗುಂಡುಪಿನ್ನು ಇದೆ, ಎತ್ತ ತಿರುಗಿದರೂ ಚುಚ್ಚುತ್ತೆ.

ನಾಳೆ ಹತ್ತು ಗಂಟೆಗೆ ನಗರಸಭೆಯಲ್ಲಿ ಇಡೀ ಬೀದಿಯ ಪರವಾಗಿ ಎದ್ದು ನಿಲ್ಲೋರು ನೀವು. ನಿಮ್ಮನ್ನ ಆ ಮೊಣಕೈ ಸವೆದ ಕೋಟಿನಲ್ಲಿ ಕಳಿಸ್ತೀನಾ? ಬಿಲ್ಡರ್ ಕಡೆಯ ವಕೀಲ ಇಸ್ತ್ರಿ ಮುರಿಯದ ಹಾಗೆ ಬರ್ತಾನಂತೆ. ಬರಲಿ!

ಮೊದಲ ಸಲ ಹೋದಾಗ ಏನಾಯ್ತು, ಜ್ಞಾಪಕ ಇದೆಯಾ? ಹಳೇ ಐಸ್ ಕಾರ್ಖಾನೆ ಜಾಗದಲ್ಲಿ ಹನ್ನೆರಡು ಅಂತಸ್ತು ಎದ್ದರೆ ನಮಗೆ ಬಿಸಿಲು ಇರೋಲ್ಲ ಸ್ವಾಮೀ, ನಲ್ಲಿ ನೀರು ಸಾಲೋಲ್ಲ ಸ್ವಾಮೀ ಅಂತ ನಾವು ಬಾಯಿ ಬಡ್ಕೊಂಡ್ವಿ. ಆ ಅಧಿಕಾರಿ ಆಕಳಿಸಿದ! ಆಮೇಲೆ ನೀವು ತಾನೆ ಕನ್ನಡಕ ಏರಿಸಿಕೊಂಡು ಕೂತು ಆ ನಿಯಮ ಹುಡುಕಿದ್ದು... ಬೀದಿ ಮೂವತ್ತಡಿ ಅಗಲ ಇಲ್ಲದಿದ್ದರೆ ನಾಲ್ಕು ಅಂತಸ್ತಿನ ಮೇಲೆ ಒಂದು ಇಟ್ಟಿಗೆ ಇಡೋ ಹಾಗಿಲ್ಲ ಅಂತ. ಅಳೆಯೋರು ಯಾರು? ಎಲ್ಲರೂ ನನ್ನ ಕಡೆ ತಿರುಗಿದ್ರು. ದರ್ಜಿಯಕ್ಕ ಇರುವಾಗ ಬೇರೆ ಯಾರು ಬೇಕು! ಬೇಕರಿಯಣ್ಣ ಟೇಪಿನ ಒಂದು ತುದಿ ಹಿಡಿದ, ನಾನು ಎಣಿಸಿದೆ. ಐದು ಟೇಪು ಪೂರ್ತಿ, ಆರನೇದರಲ್ಲಿ ಐವತ್ತೆಂಟು ಇಂಚು. ಎರಡಿಂಚು ಕಮ್ಮಿ! ಆ ದಪ್ಪ ಮನುಷ್ಯ ನಡುಬೀದೀಲಿ ಕುಣಿದುಬಿಟ್ಟನಲ್ಲಮ್ಮ!

ಅವತ್ತಿಂದ ನಾನು ‘ಎರಡಿಂಚಮ್ಮ’. ನಗಬೇಡಿ, ಎಲ್ಲರೂ ಹಾಗೇ ಕರೀತಾರೆ. ‘ಎರಡಿಂಚಮ್ಮ, ಊಟ ಆಯ್ತಾ? ಎರಡಿಂಚಮ್ಮ, ಬನ್ನಿ ಕೂತ್ಕೊಳ್ಳಿ.’ ಮೊದಲು ನಾನು ಯಾರಿಗೆ ಬೇಕಾಗಿದ್ದೆ ಹೇಳಿ? ಗುಂಡಿ ಕಿತ್ತುಹೋದಾಗ ಮಾತ್ರ.

ಈ ಕಿಟಕಿ ನೋಡಿ. ಇಲ್ಲಿಂದ ಕಾರ್ಖಾನೆ ಗೋಡೆಗೆ ಹನ್ನೊಂದೇ ಹೆಜ್ಜೆ. ಕಪ್ಪು ಬಟ್ಟೆಗೆ ಕಪ್ಪು ದಾರ ಹಾಕುವಾಗ ಈಗಲೇ ಕಣ್ಣಿಗೆ ಕತ್ತಲೆ ಕಟ್ಟುತ್ತೆ. ಆ ಕಟ್ಟಡ ಅಷ್ಟೆತ್ತರ ಎದ್ದು ನಿಂತರೆ ನಾನು ಬಾವಿಯೊಳಗೆ ಕೂತು ಹೊಲಿದ ಹಾಗೆ. ದಿನಾ ಕೇಳ್ಕೊಳ್ತೀನಿ... ತಂದೆ, ಬೇರೇನೂ ಬೇಡ, ಈ ಕಿಟಕಿ ಒಂದನ್ನ ಉಳಿಸಿಕೊಡು ಅಂತ.

ಏನು ನೋಡ್ತಿದ್ದೀರಿ? ಟೇಪಾ? ಹೌದು, ಹೊಸದು. ಹಳೇದು... ಹರಿದುಹೋಯ್ತು. ಅದಕ್ಕೇನೀಗ? ಟೇಪು ಅಂದಮೇಲೆ ಹರಿಯೋಲ್ವಾ? ಹಿಂದೆ ತಿರುಗಿ, ಬೆನ್ನು ನೋಡೋಣ. ಯಾಕೆ ತಿರುಗ್ತಾ ಇಲ್ಲ?

ಟೀಚರಮ್ಮ... ಬಟ್ಟೆ ಅಂಗಡಿಯವರು ಸಿಕ್ಕಿದ್ರಾ ನಿಮಗೆ?

ತಲೆ ಆಡಿಸಿದ್ರಲ್ಲ. ಸಿಕ್ಕಿದ್ರು ಅನ್ನಿ. ಹ್ಞೂಂ... ಅವರು ದೊಡ್ಡ ಮಾತುಗಾರರು, ನಂಬಬೇಡಿ... ಥೂ, ಇಲ್ಲ. ಅವರು ಒಳ್ಳೆಯವರು. ಕೆಟ್ಟ ನಾಲಿಗೆ ನಂದು. ಇಪ್ಪತ್ತು ವರ್ಷ ಆ ಮನುಷ್ಯನ ಮೇಲೆ ಕಳ್ಳತನ ಹೊರಿಸಿದ್ದೀನಿ. ಮೂರು ಮೀಟರ್ ತಂದರೆ ನನ್ನ ಟೇಪಿನಲ್ಲಿ ಎರಡಿಂಚು ಕಮ್ಮಿ ಬರೋದು. ಹೋಗಿ ಅಂಗಡಿ ಮುಂದೆ ನಿಂತು ಕೂಗಾಡಿ ಬರ್ತಿದ್ದೆ. ಹೋದ ತಿಂಗಳು ಅವರಿಗೂ ಸಾಕಾಯ್ತು. ಮಾತಾಡಲಿಲ್ಲ, ಕಬ್ಬಿಣದ ಅಳತೆಕೋಲು ತಂದು ನನ್ನ ಟೇಪಿನ ಪಕ್ಕ ಇಟ್ಟರು ಅಷ್ಟೇ. ಎಳೆದೂ ಎಳೆದೂ ನನ್ನ ಅರವತ್ತು ಇಂಚು ಅರವತ್ತೊಂದಾಗಿತ್ತು! ಮೈ ಅಳೆದಿದ್ದು ಅದರಲ್ಲೇ, ಬಟ್ಟೆ ಕತ್ತರಿಸಿದ್ದೂ ಅದರಲ್ಲೇ. ಒಬ್ಬರ ಉಡುಪೂ ಕೆಡಲಿಲ್ಲ, ನನಗೆ ತಿಳಿಯೋದಾದ್ರೂ ಹೇಗೆ? ಬೀದಿಯನ್ನ ನಾನು ಹೊಲಿಯೋದಿಲ್ಲವಲ್ಲಮ್ಮ!

ಮಾರನೇ ಬೆಳಿಗ್ಗೆ, ಹಾಲಿನವನೂ ಬಂದಿರಲಿಲ್ಲ, ಹೊಸ ಟೇಪು ತಗೊಂಡು ಒಬ್ಬಳೇ ಬೀದೀಲಿ ಮಂಡಿಯೂರಿದೆ. ಮೂವತ್ತಡಿ ನಾಲ್ಕಿಂಚು. ಮತ್ತೆ ಅಳೆದೆ. ಮೂವತ್ತಡಿ ನಾಲ್ಕಿಂಚು...

ಅಷ್ಟರಲ್ಲಿ ಅರ್ಜಿ ಹೋಗಿಬಿಟ್ಟಿತ್ತು. ‘ಅಳತೆಯನ್ನು ನಾನೇ ಖುದ್ದಾಗಿ ಪರೀಕ್ಷಿಸಿದ್ದೇನೆ’ ಅಂತ ಬರೆದು ಕೆಳಗೆ ನಿಮ್ಮ ಹೆಸರು ಹಾಕಿದ್ರಿ. ನೀವು ಪರೀಕ್ಷಿಸಿದ್ದು ಬೀದಿಯನ್ನಲ್ಲ, ನನ್ನ ಮುಖವನ್ನ. ಹೇಳಿದರೆ ಬೀದಿ ಮುಳುಗುತ್ತೆ. ಹೇಳದಿದ್ದರೆ ನಾಳೆ ಆ ವಕೀಲ ಅಳತೆ ಸರಪಳಿ ಎಳೆದು ತೋರಿಸ್ತಾನೆ, ನೂರು ಜನರ ಮುಂದೆ ನೀವು ಸುಳ್ಳಿ ಆಗ್ತೀರಿ. ಎರಡೂ ಕಡೆ ಗೋಡೆ. ಮೂರು ವಾರದಿಂದ ನಾನು ಏನು ಬೇಡಿದೆ ಗೊತ್ತಾ? ತಂದೆ, ಬೀದಿಯನ್ನ ಐದೇ ಐದು ಇಂಚು ಕಿರಿದು ಮಾಡು! ನಗಿ ಅಮ್ಮ, ಈಗಾದರೂ ನಗಿ. ನನ್ನ ಸುಳ್ಳನ್ನ ಅವನ ತಲೆಗೆ ಕಟ್ಟಿ, ಭಕ್ತಿ ಅಂತ ಕರೆದುಕೊಂಡು ಕೂತಿದ್ದೆ.

ಒಂದು ಮಾತಾಡಿ. ಬೈದುಬಿಡಿ. ಬಂದಾಗಿಂದ ಆ ಒಂದು ಪ್ರಶ್ನೆ ಬಿಟ್ಟರೆ ನೀವು ಬಾಯೇ ಬಿಟ್ಟಿಲ್ಲ...

ಓ.

ಬರುವಾಗಲೇ ನಿಮಗೆ ಎಲ್ಲ ಗೊತ್ತಿತ್ತು. ನನ್ನ ಬಾಯಿಂದಲೇ ಬರಲಿ ಅಂತ, ಇಷ್ಟು ಪಿನ್ನು ಚುಚ್ಚಿಸಿಕೊಂಡು, ತೋಳೆತ್ತಿ ನಿಂತಿದ್ದೀರಿ.

ಇಳಿಸಿ ತಾಯಿ, ಇಳಿಸಿ. ನಾಳೆ ನೀವು ಎದ್ದು ನಿಲ್ಲಬೇಡಿ. ನಾನು ನಿಲ್ತೀನಿ. ಅಳತೆ ನಂದು, ಟೇಪು ನಂದು, ಮುಚ್ಚಿಟ್ಟಿದ್ದೂ ನಾನೇ ಅಂತೀನಿ. ಬಿಸಿಲು, ನೀರಿನ ಮಾತನ್ನ ಮತ್ತೆ ಮೊದಲಿಂದ ಹೇಳ್ತೀನಿ; ಆ ಅಧಿಕಾರಿ ಆಕಳಿಸಿದರೆ ಆಕಳಿಸಲಿ, ಅದು ನಿಜ ತಾನೆ? ಬೀದಿಯವರಿಗೆ ಹೇಗೆ ಹೇಳೋದು ಅನ್ನೋದೇ... ಯಾಕೆ ಬಾಗಿಲ ಕಡೆ ನೋಡ್ತೀರಿ?

ಬೇಕರಿಯಣ್ಣ. ಯಾವಾಗ ಬಂದ್ರಿ? ಅತ್ತಿಗೆಯೂ ಇದ್ದಾರಾ ಹಿಂದೆ... ಪಕ್ಕದ ಮನೆಯವರೂ...

ಕೇಳಿಸ್ತಾ ಎಲ್ಲ?

ಆಯ್ತು. ನಾನು ಮತ್ತೆ ಹೇಳಬೇಕಾದ ಕಷ್ಟ ತಪ್ಪಿಸಿದ ಅವನು. ಏನಾದರೂ ಅನ್ನಿ, ಅನ್ನದೆ ಹೋದರೂ ಸರಿ. ತಿರುಗಿ ಹೋಗದೆ ಕೊನೇವರೆಗೆ ಕೇಳಿದಿರಲ್ಲ, ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆ ತಂದೆ ತಣ್ಣಗಿಡಲಿ. ಯಾರು ಏನೇ ಕಟ್ಟಲಿ, ನಿಮ್ಮ ಯಾರ ಅಂಗಳಕ್ಕೂ ಅವನು ಬೆಳಕು ಕಮ್ಮಿ ಮಾಡದಿರಲಿ.