ಹೆಡ್ ಮೇಡಂಗೆ ಮಾತ್ರೆ ಕೊಟ್ಟಿದ್ದು

ಅಲ್ಲ ಕಣೇ, ಕ್ಲಾಸಲ್ಲಿ ನಿದ್ದೆ ಮಾಡೋಣ ಅಂತ ಯಾವ ಟೀಚರಾದ್ರೂ ಅಂದ್ಕೊಂಡು ಹೋಗ್ತಾರಾ? ನೀವೇನೋ ನಗ್ತೀರ, ನಗಿ, ನಗೋ ವಿಷಯಾನೇ ಅದು. ಆಗ ನಾವು ಚಾಮರಾಜಪೇಟೆ ವಠಾರದಲ್ಲಿದ್ವಿ, ನಾನು, ನಮ್ಮಮ್ಮ, ಇಬ್ಬರೇ. ನಮ್ಮಪ್ಪ ನಾನು ಚಿಕ್ಕವಳಿದ್ದಾಗ್ಲೇ ಹೋಗ್ಬಿಟ್ಟಿದ್ರು. ಅಮ್ಮ ಸುಲ್ತಾನ್‌ಪೇಟೆ ಅಂಗಡಿಗಳಿಂದ ಲಗ್ನಪತ್ರಿಕೆ ಕವರ್ ತಂದು ಮನೇಲಿ ಕೂತು ಅಂಟಿಸೋಳು. ಊರೋರ ಮದುವೆ ಕವರ್ ಅಂಟಿಸಿ ಅಂಟಿಸೀನೇ ನನ್ನ ಟೀಚರ್ ಟ್ರೈನಿಂಗ್ ಮಾಡಿಸಿದ್ಲು. ಬಸವನಗುಡಿ ಹತ್ರ ಒಂದು ಹೆಣ್ಮಕ್ಕಳ ಸ್ಕೂಲಲ್ಲಿ ಕೆಲಸ ಸಿಕ್ತು, ಅದೂ ಕಾಯಂ ಅಲ್ಲ, ಹೆಡ್ ಮೇಡಂ ಬೇಡ ಅಂದ್ರೆ ಮುಗೀತು. ಸದ್ಯ ಸಿಕ್ತಲ್ಲ ಅನ್ನೋ ಅಷ್ಟರಲ್ಲಿ ಅಮ್ಮ ಹಾಸಿಗೆ ಹಿಡಿದ್ಲು. ಹೃದಯ... ಹೃದಯ ಅಲ್ಲ, ಶ್ವಾಸಕೋಶ ಅಂದ್ರು ಡಾಕ್ಟ್ರು. ಮಲಗಿದ್ರೆ ಉಸಿರು ಕಟ್ಟೋದು. ರಾತ್ರಿಯೆಲ್ಲ ಅವಳನ್ನ ಎದೆಗೆ ಒರಗಿಸ್ಕೊಂಡು ಕೂತಿರೋದು, ಬೆಳಗ್ಗೆ ಪಕ್ಕದ್ಮನೆ ಸಾವಿತ್ರಮ್ಮನಿಗೆ ಒಪ್ಪಿಸಿ ಸ್ಕೂಲಿಗೆ ಓಡೋದು. ಸ್ಕೂಲಲ್ಲಿ ಯಾರಿಗೂ ಹೇಳಿರ್ಲಿಲ್ಲ. ಇವಳು ಬರೀ ರಜಾ ಹಾಕ್ತಾಳೆ ಅಂತ ತೆಗೆದ್ಬಿಟ್ರೆ?

ಒಂದಿನ ಊಟ ಮುಗಿದ ಬೆಲ್ ಆದ್ಮೇಲೆ ಮಕ್ಕಳಿಗೆ ಲೆಕ್ಕ ಕೊಟ್ಟು ಹೀಗೆ ಕುರ್ಚಿ ಮೇಲೆ ಕೂತೆ ನೋಡಿ, ಕೈಲಿ ಸೀಮೆಸುಣ್ಣ. ಅಷ್ಟೇ ಗೊತ್ತು. ಆಮೇಲೆ ಯಾರೋ ಭುಜ ಅಲ್ಲಾಡಿಸಿದ್ರು. ರಾತ್ರಿ ಮಾತ್ರೆಗೆ ಅಮ್ಮ ದಿನಾ ಹಾಗೇ ತಾನೇ ನನ್ನ ಎಬ್ಬಿಸ್ತಿದ್ದಿದ್ದು? ಕಣ್ಣೂ ಬಿಡದೆ ಎದ್ದೆ, ಎಡಗೈನ ಅವರ ಕತ್ತಿನ ಹಿಂದೆ ಕೊಟ್ಟೆ, ಬಲಗೈಲಿದ್ದ ಸೀಮೆಸುಣ್ಣ ಬಾಯಿಗೆ ಹಿಡಿದೆ, "ಆ... ಅನ್ನು ಅಮ್ಮ, ಇದೊಂದು ಮಾತ್ರೆ ನುಂಗ್ಬಿಡು, ನಮ್ಮ ಚಿನ್ನ ಅಲ್ವಾ" ಅಂದೆ! ಕಣ್ಬಿಟ್ರೆ ಹೆಡ್ ಮೇಡಂ! ತುಟಿಯೆಲ್ಲ ಬೆಳ್ಳಗೆ! ಇಡೀ ಸ್ಕೂಲೇ ಹೆದರೋ ಹೆಂಗಸು ಕಣ್ರೋ ಅವರು. ಮಕ್ಕಳು ಬೆಂಚು ಬಡಿದು ಬಡಿದು ನಕ್ಕಿದ್ದೇ ನಕ್ಕಿದ್ದು. ಮೇಡಂ ಮೆಲ್ಲಗೆ ಸೆರಗಲ್ಲಿ ತುಟಿ ಒರೆಸ್ಕೊಂಡ್ರು. "ಮನೇಲಿ ಯಾರಿಗ್ರೀ ಹುಷಾರಿಲ್ಲ?" ಅಂದ್ರು. "ಅಮ್ಮಂಗೆ, ಮೇಡಂ." "ಮನೆಗೆ ಹೋಗಿ." ಅಷ್ಟೇ ಮಾತು. ಹೋಯ್ತು ಕೆಲಸ ಅಂತ ದಾರಿಯುದ್ದಕ್ಕೂ ಅತ್ಕೊಂಡು ಬಂದೆ, ಜನ ನೋಡ್ತಿದಾರೆ ಅನ್ನೋ ಪರಿವೆಯೂ ಇಲ್ಲ.

ಮನೇಲಿ ಅಮ್ಮ ಕೇಳಿದ್ಲು, "ಯಾಕೇ ಇಷ್ಟು ಬೇಗ ಬಂದೆ?" ಸುಳ್ಳು ಹೇಳೋಕೂ ಶಕ್ತಿ ಇರ್ಲಿಲ್ಲ, ಇದ್ದದ್ದು ಇದ್ದ ಹಾಗೆ ಹೇಳ್ದೆ. ಬೈತಾಳೆ ಅಂದ್ಕೊಂಡ್ರೆ, ನಗೋಕೆ ಶುರು ಮಾಡಿದ್ಲು! "ಅಯ್ಯೋ ನಿನ್ನ, ಹೆಡ್ ಮೇಡಂಗೆ ಚಿನ್ನ ಅಂದ್ಯಾ!" ನಗ್ತಾಳೆ, ಕೆಮ್ತಾಳೆ, ಮತ್ತೆ ನಗ್ತಾಳೆ. "ಇನ್ನೊಂದ್ಸಲ ಮಾಡಿ ತೋರಿಸೇ." ಅಳ್ತಾ ಅಳ್ತಾನೇ ಮಾಡಿ ತೋರಿಸಿದೆ. ಅವಳು ನಕ್ಕು ಎಷ್ಟು ತಿಂಗಳಾಗಿತ್ತೋ.

ಮಾರನೇ ದಿನ ಹೆದರ್ಕೊಂಡೇ ಹೋದ್ರೆ ಹೆಡ್ ಮೇಡಂ ತಲೆ ಎತ್ತದೇ ಹೇಳಿದ್ರು, "ಇನ್ಮೇಲೆ ನಿಮಗೆ ಬೆಳಗಿನ ಪಿರಿಯಡ್ ಮಾತ್ರ. ಮಧ್ಯಾಹ್ನದ್ದು ನಾನು ತಗೋತೀನಿ." ಅವತ್ತಿಂದ ನಾನು ಮನೆಗೆ ಬರೋದೇ ತಡ, ಅಮ್ಮ "ನಿಮ್ಮ ಹೆಡ್ ಮೇಡಂ ಇವತ್ತೇನಂದ್ರೇ?" ಅಂತ ಕೇಳೋಳು. ಇದ್ದಿದ್ದೂ ಹೇಳ್ತಿದ್ದೆ, ಇಲ್ದಿದ್ದೂ ಕಟ್ಟಿ ಹೇಳ್ತಿದ್ದೆ. ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ, ನನ್ನ ಮೇಲೆ ಒರಗಿದ್ದ ಹಾಗೇ ಹೋಗ್ಬಿಟ್ಲು. ನಿದ್ದೆ ಬಂದಿದೆ ಅಂತ ನಾನು ಸುಮಾರು ಹೊತ್ತು ಅಲ್ಲಾಡದೇ ಕೂತಿದ್ದೆ ಕಣೇ. ಎಚ್ಚರ ಆಗ್ಬಾರ್ದು ಅಂತ. ಮಧ್ಯಾಹ್ನ ಹೆಡ್ ಮೇಡಂ ಬಂದ್ರು. ಅಮ್ಮನ ಮುಖ ನೋಡ್ತಾ ನಿಂತಿದ್ರು, "ಒಂದ್ಸಲ ಬಂದು ಮಾತಾಡಿಸ್ಬೇಕು ಅಂದ್ಕೊಂಡಿದ್ದೆ ರೀ, ತಡ ಮಾಡ್ಬಿಟ್ಟೆ" ಅಂದ್ರು. ಆ ಹೆಂಗಸು ಅತ್ತಿದ್ದು ನಾನು ನೋಡಿದ್ದು ಅದೊಂದೇ ಸಲ.

ಅದಕ್ಕೇ ಹೇಳೋದು, ಮನೇಲಿ ಯಾರಾದ್ರೂ ಹುಷಾರಿಲ್ದೆ ಮಲಗಿದ್ರೆ ಬರೀ ಮಾತ್ರೆ ಆಯ್ತಾ, ಗಂಜಿ ಆಯ್ತಾ ಅಂತ ಕೇಳಿ ಎದ್ದು ಹೋಗ್ಬೇಡಿ. ಪಕ್ಕದಲ್ಲಿ ಕೂತು, ಹೊರಗೆ ಏನೇನು ಆಯ್ತು ಅಂತ ಹೇಳಿ.