ಮೊದಲ ಬುಟ್ಟಿ

ಚಹಾ ಬ್ಯಾಡ್ರಿ, ಒಲಿ ಹಚ್ಚಬ್ಯಾಡಂತ ನಿಮ್ಮ ಹೆಂಡ್ತಿಗೆ ಹೇಳ್ರಿ, ನನಗ ತಂಗಿ ಇದ್ದಂಗ ಆಕಿ. ನೀವು ಮೊದಲ ಕುಂದರ್ರಿ, ಜಯಕರ ಅವ್ರೇ. ಹಿಂಗ ಗ್ವಾಡಿಗೆ ಆತುಕೊಂಡು ನಿಂತ್ರ ನಾ ಯಾರ ಸಂಗಾಟ ಮಾತಾಡ್ಲಿ? ಸಾಹೇಬ ಬಂದಾನಂತ ತಿಳೀಬ್ಯಾಡ್ರಿ. ಸಾಹೇಬಕಿ ಎಲ್ಲಾ ಆ ಮೀನಿನ ಫಾರ್ಮಿನ ಗೇಟಿನ್ಯಾಗ ಬಿಟ್ಟು ಬಂದೀನಿ. ಆಳಂದದ ವಿಶ್ವನಾಥಪ್ಪ ಬಂದಾನ, ಅಷ್ಟೇ... ಹಾಂ, ಕುಂತ್ರಿ. ಛಲೋ ಆತು.

ನಾಳಿ ಮುಂಜಾನೆ ನಾಸಿಕದಿಂದ ವಿಚಾರಣಾ ಮಾಡೋ ಚೌಕಶಿ ಸಾಹೇಬ್ರು ಬರ್ತಾರ. ಗೋದಾಮದ ಜವಾಬ್ದಾರಿ ನಿಮ್ಮದು, ಅಂದಮ್ಯಾಲ ಮೊದಲ ನಿಮ್ಮನ್ನೇ ಕರೀತಾರ. ಕೇಳೋದು ಒಂದೇ ಮಾತು. ಆ ದಿನ ಗೋದಾಮದ ಚಾವಿ ಯಾರ ಹತ್ರ ಇತ್ತು? ನೀವೂ ಒಂದೇ ಮಾತು ಹೇಳ್ರಿ. ಚೌಕೀದಾರ್ ವೈಜನಾಥನ ಹತ್ರ ಇತ್ತು. ಮುಗೀತು, ಮನಿಗೆ ಬರ್ರಿ.

ಯಾಕ್ರಿ, ನಗ್ತೀರಿ? ಇದೇನು ನಗೋ ಮಾತಾ? ಸುಳ್ಳು ಹೇಳ್ರಿ ಅಂದೀನೇನ್ ನಾ? ಆ ಮುಂಜಾನೆ ಚಾವಿ ಖರೇನೇ ಅವನ ಹತ್ರ ಇತ್ತು.

ಹೌದು, ಹೌದು... ಹಿಂದಿನ ಸಂಜಿ ನಿಮ್ಮ ಕೈಯಿಂದ ಇಸ್ಕೊಂಡವ ನಾನೇ. ಇಲ್ಲಂದೆನಾ? ಸೂಜಿ ತೊಗೊಳೋದಿತ್ತು. ಮೀನಿಗೆ ಇಂಜೆಕ್ಷನ್ ಕೊಡೋ ಸೂಜಿ, ಅವು ತುಕ್ಕು ಹಿಡಿದಾವೋ ಏನೋ ನೋಡೋದಿತ್ತು. ನೋಡಿದೆ, ಬಾಗಿಲ ಹಾಕಿದೆ, ಚಾವಿ ವೈಜನಾಥಗ ಕೊಟ್ಟೆ. ಮರುದಿನ ಮೊದಲ ಬಸ್ಸಿಗೆ ಮೀಟಿಂಗಿಗಂತ ನಾಸಿಕಕ್ಕ ಹೋದೆ. ಹಿಂದ ಅವ ಏನು ಮಾಡ್ದಾ, ಯಾವ ಡಬ್ಬಿ ತಗದಾ, ನನಗೇನು ಗೊತ್ತು? ಮೀನು ತಿಂದು ಮಂದಿ ಸತ್ತಾರಂತ ಮೀಟಿಂಗಿನ್ಯಾಗ ತಾರ್ ಬಂತು, ಆವಾಗೇ ನನಗ ತಿಳಿದದ್ದು. ಕೈಯಾಗಿನ ಚಹಾದ ಬಸಿ ಚೆಲ್ಲಿತು ನೋಡ್ರಿ, ಅಲ್ಲಿದ್ದವರನ್ನ ಬೇಕಾರ ಕೇಳ್ರಿ.

ಅವಂದೂ ತಪ್ಪಂತ ಹೆಂಗನ್ನಾಣ? ಓದು ಬರಹ ಇಲ್ದವ. ಪ್ರತಿ ವರ್ಷ ಮಳಿಗಾಲಕ್ಕ ಮೊದಲ, ಮರಿ ಬಿಡೋ ಹೊಂಡಕ್ಕ ಹಿಪ್ಪಿ ಹಿಂಡಿ ಕಲಸಿ ಹಾಕ್ತಿದ್ದಾ. ಮರಿ ನುಂಗೋ ದೊಡ್ಡ ಮೀನು ಎಲ್ಲಾ ಅಮಲು ಏರಿ ಮ್ಯಾಲ ತೇಲ್ತಿದ್ವು. ಈ ವರ್ಷ ಹಿಂಡಿ ಲಾರಿ ಬರ್ಲೇ ಇಲ್ಲ. ಮಳಿ ನೋಡಿದ್ರ ತಲಿ ಮ್ಯಾಲ. ಗೋದಾಮದಾಗ ಆ ಡಬ್ಬಿ ಇತ್ತು, ಹತ್ತಿ ಹುಳಕ್ಕ ಹೊಡಿಯೋ ಔಷಧ. ಬ್ಯಾರೆ ಕಡೆ ಹೊಂಡಕ್ಕ ಇದನ್ನೇ ಹಾಕ್ತಾರ, ನೀವೂ ಹಾಕಿ ನೋಡ್ರಿ ಅಂತ ಹೋದ ವರ್ಷ ಮ್ಯಾಲಿನವರೇ ಕಳಿಸಿದ್ದು. ಅದೂ ಹಿಂಡಿ ಇದ್ದಂಗೇ ಅಂತ ತಿಳದಾ, ಸುರುವಿದಾ. ನನಗ ತೋಚೋದು ಇಷ್ಟೇ.

ಅವ ಹೆಂಡ್ತೀನ ಕೊಂದಾನಂತ ನಾ ಅಂದಿಲ್ರಿ! ಅಂದಿಲ್ಲ. ಪೊಲೀಸ್ರು ಅಂತಾರ, ಊರವರು ಅಂತಾರ. ಠಾಣ್ಯಾಗ ಹೋಗಿ ನೋಡಿ ಬಂದೆ. ಮೂಲ್ಯಾಗ ಕುಂತಾನ, ಉಣ್ಣವಲ್ಲ. ಹೆಂಡ್ತಿ ಪಾರ್ವತಿಬಾಯಿ ಹೋದ್ಲು, ಅವನ ತಾಯಿ ಹೋದ್ಲು, ಉಳಿದವರು ಔರಂಗಾಬಾದ್ ದವಾಖಾನ್ಯಾಗ ಬಿದ್ದಾರ. ನನ್ನ ನೋಡಿ ಎದ್ದು ನಿಂತಾ. ಅಂಥಾದ್ರಾಗೂ ಎದ್ದು ನಿಂತಾ. ಕಲ್ಲೇನಲ್ಲ ನಾ, ಜಯಕರ ಅವ್ರೇ.

ಆದ್ರ ವಿಚಾರ ಮಾಡ್ರಿ. ಅಜ್ಞಾನದಿಂದ ಮಾಡ್ದಾ ಅಂತ ಬರದ್ರ ಅವಗ ಎಷ್ಟಂತ ಶಿಕ್ಷಾ ಆದೀತು? ನನ್ನ ಹೆಸರು ಬಂದ್ರ ಏನೇನು ಹೋಗ್ತದ, ಅದನ್ನೂ ನೋಡ್ರಿ. ಪೈಠಣದ ಹೊಸ ಆಣೆಕಟ್ಟಿಗೆ ಮೀನು ಬಿಡೋ ಕೆಲಸ ಎಲ್ಲಾ ನನ್ನ ತಲಿ ಮ್ಯಾಲ ಅದ. ಔರಂಗಾಬಾದ್ ಬಜಾರದಾಗ ಕುಂತು ಮೀನಿನ ತಲಿ ಒಡದು ಒಡದು, ಸಾಸಿವಿ ಕಾಳಿನಷ್ಟು ಗ್ರಂಥಿ ತಗದು ಸ್ಪಿರಿಟಿನ್ಯಾಗ ಇಟ್ಟವ ಯಾರು? ಅದನ್ನ ಅರದು ತಾಯಿ ಮೀನಿಗೆ ಚುಚ್ಚಿ, ನಿಂತ ನೀರಿನ್ಯಾಗ ತತ್ತಿ ಇಡಿಸಿದವ ಯಾರು? ಆಗಂಗಿಲ್ಲ, ಹೊಳಿ ಹರಿಯೋ ನೀರೇ ಬೇಕು ಅಂದಿದ್ರು ಎಲ್ಲಾರೂ. ಕೊರಳಾಗ ಲಿಂಗ ಕಟ್ಕೊಂಡವ, ಮೀನಿನ ರುಚಿ ಕಂಡವಲ್ಲ ನಾ. ಊರಿಗೆ ಹೋದ್ರ ನಮ್ಮವ್ವ ಮಲ್ಲಮ್ಮ ಇವತ್ತಿಗೂ ನನ್ನ ಕೈ ಮೂಸಿ ನೋಡಿ ಆಮ್ಯಾಲ ತಾಟು ಹಾಕ್ತಾಳ. ಈ ಕೆಲಸ ನಿಂತ್ರ ಮತ್ತ ಯಾರು ಮಾಡ್ತಾರ? ವೈಜನಾಥ ಮಾಡ್ತಾನಾ?

ಏನು? ಯಾಕ ಅತ್ತಾಗ ನೋಡ್ತೀರಿ? ಇತ್ತಾಗ ನೋಡ್ರಿ.

ಮೀನು ತಿನಬ್ಯಾಡಂತ ಅವರಿಗೆ ಯಾಕ ಹೇಳ್ಲಿಲ್ಲ ಅಂತ ಕೇಳ್ತಾರೇನ್ರಿ ನನ್ನ? ಕೇಳ್ಲಿ. ಔಷಧ ಬಿದ್ದದ್ದೇ ಗೊತ್ತಿಲ್ದವ ಏನಂತ ಹೇಳ್ಯಾನು! ಹೊಂಡ ಸ್ವಚ್ಛ ಮಾಡೋ ದಿನ ಮೀನು ಹಿಡಿಯೋ ಭೋಯಿ ಮಂದಿ ಬರೋದು, ಬಲಿ ಎಳಿಯೋದು, ತೇಲಿದ ಮೀನೆಲ್ಲಾ ಅವರೇ ಒಯ್ಯೋದು. ಅದು ನನಕಿಂತ ಮೊದಲಿನ ಪದ್ಧತಿ. ಅದೇ ಅವರ ಕೂಲಿ. ಕೂಲಿಗಂತ ಸರ್ಕಾರ ಒಂದು ಪೈ ಮಂಜೂರು ಮಾಡಿಲ್ಲ, ನಿಮಗೇ ಗೊತ್ತದ, ಬರದು ಬರದು ಸಾಕಾತು. ಮೀನು ಒಯ್ಯಬ್ಯಾಡ್ರಿ ಅಂದ್ರ ಒಬ್ಬನೂ ಹೊಂಡಕ್ಕ ಇಳೀತಿರಲಿಲ್ಲ. ಸತ್ತ ಮೀನು ಅಲ್ಲೇ ಕೊಳತು, ನೀರು ನಾರಿ, ಈ ವರ್ಷದ ಮರಿ ಎಲ್ಲಾ... ಅಲ್ಲ, ನಾ ಏನಂತೀನಿ ಅಂದ್ರ, ಪದ್ಧತಿ ಹಂಗಿತ್ತು. ಹಿಂಡಿ ಹಾಕಿದ ಮೀನು ತಿಂದು ಯಾರಿಗರೆ ಏನರೆ ಆಗಿತ್ತೇನು? ಹೋದ ವರ್ಷ ಬರ ಬಿದ್ದಾಗ ಅದೇ ಮೀನು ಭೋಯಿವಾಡಾದ ಇಡೀ ಕೇರಿ ಉಳಿಸಿತ್ತು.

ಪಾರ್ವತಿಬಾಯಿ ನೆಪ್ಪು ಬಂದ್ರ... ಛೇ. ಸೊಂಟಮಟ ನೀರಿನ್ಯಾಗ ನಿಂತು ಗಂಡಸರಿಗೆ ಬೈದು ಬೈದು ಬಲಿ ಎಳಿಸ್ತಿದ್ಲು. ಸಾಹೇಬ, ನೀವು ಮೀನು ಸಾಕ್ತೀರಿ ಬರೇ, ಒಂದಿನಾ ತಿಂದು ನೋಡ್ರಿ ಅಂತ ಮರಾಠಿಯೊಳಗ ಕಾಡ್ತಿದ್ಲು. ನನ್ನ ಪಾಲು ಅಂತ ಮೊದಲ ಬುಟ್ಟಿ ತಗದು ಇಡ್ತಿದ್ಲು, ಬಿಡ್ತಿರಲಿಲ್ಲ. ಸಾಹೇಬನ ಬುಟ್ಟಿ ಅಂದ್ರ ದೊಡ್ಡ ದೊಡ್ಡ ಮೀನೇ ಅದರಾಗ. ನಾ ಏನು ಮಾಡ್ತಿದ್ದೆ? ಜಯಕರ ಅವ್ರ ಮನಿಗೆ ಒಯ್ಯವ್ವ ಅಂತಿದ್ದೆ. ಕಾರವಾರದ ಮಂದಿ, ಮೀನಿಲ್ದ ಊಟ ಅವರಿಗೆ ಊಟೇ ಅಲ್ಲ ಅಂತಿದ್ದೆ. ವರ್ಷಾ ತಪ್ಪದೇ ಬಂದದಿಲ್ಲ ಆ ಬುಟ್ಟಿ ಈ ಮನಿಗೆ? ಅಷ್ಟು ಮಾಡಿದವ ಇವತ್ತ ಒಂದು ಮಾತು ಕೇಳ್ಲಿಕ್ಕೆ ಬಂದಾನ, ನೀವು ನೋಡಿದ್ರ...

ಯಾಕ, ತಂಗಿ ಜಲಜಾ? ಅಡಗಿ ಮನಿ ಬಾಗಿಲಕ್ಕ ಯಾಕ ನಿಂತೆವ್ವ? ಒಳಗ ಕೂಡು, ಏಳು ತಿಂಗಳ ಹೊಟ್ಟಿ, ಹಿಂಗ ನಿಂದ್ರಬಾರ್ದು. ಅಳ್ತಿ ಯಾಕ? ಜಯಕರ ಅವ್ರೇ, ಯಾಕ ಅಳ್ತಾಳ ಆಕಿ?

ಏನು ಹೇಳ್ಯಾಳ ನಿಮಗ?

... ಓ, ಅದಾ. ಹೌದು, ಬಂದಿದ್ದೆ ಆ ಮುಂಜಾನೆ. ನೀವು ಜಳಕಕ್ಕ ಹೋಗಿದ್ರಿ. ಬಸ್ಸಿಗೆ ಹೊಂಟವ ಹಂಗೇ ಅಂಗಳದಾಗೇ ನಿಂತು ಹೇಳಿ ಹೋದೆ. ಇವತ್ತ ಯಾರರೆ ಮೀನು ತಂದ್ರ ಇಸ್ಕೋಬ್ಯಾಡವ್ವ ಅಂದೆ. ಬಸರಿ ಹೆಣಮಗಳು, ಬ್ಯಾಸಿಗಿ ದಿನ, ಮೀನು ಉಷ್ಣ ಆಗ್ತದಂತ ಹೇಳಿದೆ. ತಂಗಿಗೆ ಅಣ್ಣ ಇಷ್ಟೂ ಹೇಳಬಾರ್ದಾ? ಅದರಾಗೇನು ತಪ್ಪು?



ಹೋದ ವರ್ಷವೂ ಬ್ಯಾಸಿಗಿ ಇತ್ತು ಅಂತೀರೇನು? ಹೋದ ವರ್ಷ ಬಸರಿ ಇರಲಿಲ್ಲಲ್ಲ ಆಕಿ. ಮೀನಿನ ಉಷ್ಣ ನಿನಗೇನು ಗೊತ್ತಂತ ಕೇಳ್ತೀರಿ, ಕೇಳ್ರಿ ಬೇಕಾರ. ತಿನ್ನದವಗ ಗೊತ್ತಿರಬಾರ್ದಾ? ಕೆಲಸೇ ಅದಲ್ಲ ನಂದು. ಡಬ್ಬಿಗೂ ಅದಕ್ಕೂ ಏನೇನೂ ಸಂಬಂಧ ಇಲ್ಲ. ಡಬ್ಬಿ ನಾ ತಗದಿಲ್ಲ. ಅಂದ್ರ ಗೋದಾಮದಾಗ ಈ ಮೂಲಿಯಿಂದ ಆ ಮೂಲಿಗೆ ಎತ್ತಿಟ್ಟೆ, ಅಷ್ಟೇ. ಸೂಜಿ ಪೆಟ್ಟಿಗಿ ಅದರ ಹಿಂದಿತ್ತು... ಬಾಗಿಲ ಹತ್ರ ಇಟ್ಟೆ. ಕೈಗೆ ಸಿಗೂ ಹಂಗ.

ಹಂಗ ನೋಡಬ್ಯಾಡ್ರಿ ನನ್ನ. ಬೈರಿ, ಎದ್ದು ಕಪಾಳಕ್ಕ ಹೊಡೀರಿ, ಹೊರಗ ಹಾಕ್ರಿ.

ತೊಳದು ಕುದಿಸಿದ್ರ ಹೋಗ್ತದಂತ ತಿಳದಿದ್ದೆ. ಒಂದು ದಿನ ವಾಂತಿ ಭೇದಿ ಆದೀತು, ಎದ್ದು ಕುಂತಾರು ಅಂತ... ಸಾಯ್ತಾರಂತ ಯಾರಿಗೆ ಗೊತ್ತಿತ್ರಿ? ಬಸರಿ ಹೊಟ್ಟಿಗೆ ಮಾತ್ರ ಹೆಚ್ಚು ಕಮ್ಮಿ ಆಗಬಾರ್ದು, ಅಷ್ಟೇ ಇತ್ತು ತಲ್ಯಾಗ. ನಿಮ್ಮ ಮನಿ ಉಳಿಸಿದೆ ನಾ. ಅದನ್ನರೆ ನೆನೀರಿ. ನಿಮ್ಮ ಮನಿ ಉಳಿಸೀನಿ.

ಇದೊಂದು ಕೊನೀ ಮಾತು, ತಂಗೀ. ಅವ್ವ, ಅಳು ನಿಂದ್ರಿಸಿ ಹೇಳು. ಆ ದಿನ ಬುಟ್ಟಿ ಬಂದಿತ್ತೇನು? ಮಾತಾಡಬ್ಯಾಡ, ತಲಿ ಅಲ್ಲಾಡಿಸು ಸಾಕು... ಬಂದಿತ್ತು. ಪಾರ್ವತಿಬಾಯಿನೇ ತಂದಿದ್ಲು? ತಲಿ ಮ್ಯಾಲ ಇಟ್ಕೊಂಡು... ನೀ ಬ್ಯಾಡಂದಿ. ನಾ ಹೇಳಿದ್ದಕ್ಕ ಬ್ಯಾಡಂದಿ. ಆಕಿ ಆ ಬುಟ್ಟಿ ಏನು ಮಾಡಿದ್ಲು, ತಂಗಿ? ನೀನೇ ಮನಿಗೆ ಒಯ್ಯಿ ಅಂದೇನು?

ಸಾಹೇಬನ ಬುಟ್ಟಿ. ದೊಡ್ಡ ದೊಡ್ಡ ಮೀನು. ಎಷ್ಟು ಖುಷಿಯಿಂದ ಹೋಗಿರಬೇಕು ಆಕಿ.

ಜಯಕರ ಅವ್ರೇ, ಎಲ್ಲಿ ಹೊಂಟ್ರಿ? ಅಂಗಿ ಯಾಕ ಹಾಕ್ಕೊಳ್ತೀರಿ ಈಗ? ನಾಳಿ ಮುಂಜಾನೆ ಅದ ಚೌಕಶಿ. ಠಾಣಾಕ್ಕ ಹೊಂಟೀರೇನು? ನಿಂದರ್ರಿ... ಬಾಗಿಲ ಬಿಟ್ಟೆ, ಹೋಗ್ರಿ. ಆದ್ರ ಇದೊಂದು ಕೇಳಿ ಹೋಗ್ರಿ, ಇದನ್ನ ಯಾರಿಗೂ ಹೇಳಿಲ್ಲ ನಾ.

ನಿಮ್ಮ ಅಂಗಳದಿಂದ ಬಸ್ ಸ್ಟ್ಯಾಂಡಿಗೆ ಹೋಗೋ ದಾರಿ ಭೋಯಿವಾಡಾದಾಗಿಂದಾನೇ ಹೋಗ್ತದ. ಪಾರ್ವತಿಬಾಯಿ ತನ್ನ ಬಾಗಿಲ ಮುಂದ ಕಸ ಹೊಡೀಲಿಕ್ಕತ್ತಿದ್ಲು. ಸಾಹೇಬ ನಾಸಿಕಕ್ಕ ಹೊಂಟ್ರೇನು ಅಂತ ಕೇಳಿದ್ಲು. ಕಸಬರಗಿ ಕೆಳಗಿಟ್ಟು ದಾರಿ ಬಿಟ್ಲು ನನಗ. ನಾ ನಿಂತೆ ಒಂದು ಗಳಗಿ.

ಹೂಂ ಅಂದೆ. ಅಷ್ಟೇ ಅಂದು ಹೋದೆ.